ಎರಡನೇ ಕಾವು

ಫ್ರೆಂಚ್ ಫ್ರೈಸ್ ಹೆಸರಿಗೆ ಫ್ರಾನ್ಸಿನದು. ‘ಅದು ನಮ್ಮ ಮನೆಮಗಳು’ ಎಂದು ಪಟ್ಟು ಹಿಡಿಯುವವರು ಬೆಲ್ಜಿಯಂನವರು. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲವೆಂದು ಮುನಿದ ಅಮೆರಿಕದ ಸಂಸದರು ತಮ್ಮ ಕ್ಯಾಂಟೀನಿನಲ್ಲಿ ಅದಕ್ಕೆ ‘ಫ್ರೀಡಂ ಫ್ರೈಸ್’ ಎಂದು ನಾಮಕರಣ ಮಾಡಿದರು. ರುಚಿ ಬದಲಾಗಲಿಲ್ಲ, 2006ರಲ್ಲಿ ಹಳೆಯ ಹೆಸರೇ ಮರಳಿತು.

ಬೆಲ್ಜಿಯಂನಲ್ಲಿ ಇದನ್ನು ಕರಿಯುವುದು ಎರಡು ಸಲ. ಮೊದಲು ಸುಮಾರು 150 ಡಿಗ್ರಿ ಕಾವಿನಲ್ಲಿ: ಒಳಗೆ ಬೆಂದರೂ ಹೊರಗೆ ಪೆಚ್ಚುಮೋರೆ. ತುಸು ಆರಲು ಬಿಟ್ಟು ಸುಮಾರು 180 ಡಿಗ್ರಿಯಲ್ಲಿ ಮತ್ತೆ ಕರಿದರೆ ಹೊಂಬಣ್ಣ, ಗರಿಗರಿ!

ಮೊದಲ ಸಲ ಪೆಚ್ಚಾದದ್ದನ್ನು ಅಲ್ಲಿ ಯಾರೂ ಎಸೆಯುವುದಿಲ್ಲ. ಅಂಕಪಟ್ಟಿ ಹಿಡಿದು ಮುಖ ಸಣ್ಣದು ಮಾಡಿಕೊಂಡ ಮಗನ ಮುಂದೆ ಒಂದು ತಟ್ಟೆ ಫ್ರೈಸ್ ಇಡುವ ಅಪ್ಪ ಅಮ್ಮ ಇದನ್ನು ನೆನೆಯಬೇಕು. ಆರಲು ಬಿಡಿ, ಒಲೆ ಮಾತ್ರ ಆರಿಸಬೇಡಿ.