ಹೊಳೆ ದಂಡೆಯಲ್ಲಿ ಸಿಕ್ಕಿದ ನಮ್ಮನೆ ಕ್ಯಾನು

ಜೂನ್ 5ರ ಪರಿಸರ ದಿನಕ್ಕೆ ನಮ್ಮೂರ ಹೈಸ್ಕೂಲಿನ ಮಕ್ಕಳು ತುಂಗಾ ಹೊಳೆ ದಂಡೆ ಕ್ಲೀನ್ ಮಾಡಿದ ಫೋಟೋಗಳನ್ನ ನೀವೆಲ್ಲ ನೋಡಿರ್ತೀರಿ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಬರೀ ಚಪ್ಪಾಳೆ, ಹೂಗುಚ್ಛ. ನಾನೂ ಒಂದು ಹಾಕಿದ್ದೆ. ಆಮೇಲೆ ಅದನ್ನ ಡಿಲೀಟ್ ಮಾಡಿದೆ. ಯಾಕೆ ಅಂತ ಹೇಳೋಕೇ ಇವತ್ತು ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಮಳೆ ಬರ್ತಾ ಇದೆ, ತೋಟಕ್ಕೆ ಹೋಗೋಕಾಗಲ್ಲ, ಓದಿ.

ನಾನು ಅವತ್ತು ಅಲ್ಲಿಗೆ ಹೋಗಿದ್ದು ಅತಿಥಿಯಾಗೇನೂ ಅಲ್ಲ. ಕಸ ಸಾಗಿಸೋಕೆ ಟಿಲ್ಲರ್ ಟ್ರೈಲರ್ ಬೇಕು ಅಂತ ಮೇಷ್ಟ್ರು ಫೋನ್ ಮಾಡಿದ್ರು. ಔಷಧಿ ಹೊಡೆಯೋ ಗಡಿಬಿಡಿ ಇತ್ತು, ಆದ್ರೂ ಮಕ್ಕಳ ಕೆಲಸ ಅಂತ ಹೋದೆ. ಹೋದ ಮೇಲೆ ಗೊತ್ತಾಯ್ತು, ಇಡೀ ಕಾರ್ಯಕ್ರಮ ಮಕ್ಕಳೇ ಮಾಡಿದ್ದು. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ನೋಟ್‌ಬುಕ್ ಹಿಡ್ಕೊಂಡು ಎಲ್ರಿಗೂ ಕೆಲಸ ಹಂಚ್ತಾ ಇದ್ಲು. ಬೆಳಗ್ಗೆ ಶಾಲೆಯಲ್ಲಿ ಭಾಷಣ, ಚಿತ್ರ, ಒಂದು ಸಣ್ಣ ನಾಟಕ. ಭಾಷಣದಲ್ಲಿ ಒಬ್ಬ ಹುಡುಗ, 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆ ಸಮ್ಮೇಳನ ಆಯ್ತು, ಮುಂದಿನ ವರ್ಷದಿಂದ ಈ ದಿನ ಆಚರಣೆಗೆ ಬಂತು, 2018ರಲ್ಲಿ ನಮ್ಮ ದೇಶವೇ ಇದರ ಆತಿಥ್ಯ ವಹಿಸಿತ್ತು, ಆಗಿನ ವಿಷಯವೂ ಪ್ಲಾಸ್ಟಿಕ್ಕೇ ಅಂತ ಚೀಟಿ ನೋಡದೆ ಹೇಳಿದ. ಆಮೇಲೆ ದಂಡೆ ಮೇಲೆ ನೆಡೋಕೆ ಗಿಡ. ಅದರಲ್ಲೂ ಬುದ್ಧಿ ಉಪಯೋಗಿಸಿದ್ರು. ಅಂದಕ್ಕೆ ಅಂತ ಹೂವಿನ ಗಿಡ ತರದೆ ಹೊಳೆಮತ್ತಿ, ಹೊಂಗೆ, ನೇರಳೆ ತಂದಿದ್ರು. ಮಣ್ಣು ಹಿಡಿಯೋ ಜಾತಿ.

ಹೊಳೆ ಇನ್ನೂ ಕೆಂಪಾಗಿರ್ಲಿಲ್ಲ. ಆಗುಂಬೆ ಕಡೆ ಮಳೆ ಹಿಡಿದು ಮಾಲತಿ ಏರಿದ್ರೆ ತುಂಗೆಯ ಅವತಾರ ಹೇಗೆ ಬದಲಾಗುತ್ತೆ ಅಂತ ನಿಮಗೆ ಹೇಳೋದು ಬೇಡ. ಅದಕ್ಕೆ ಮುಂಚೆ ದಂಡೆ ಮೇಲಿನ ಕಸ ತೆಗೀಬೇಕು ಅನ್ನೋದು ಮಕ್ಕಳ ಲೆಕ್ಕ. ಸರಿಯಾದ ಲೆಕ್ಕವೇ. ಒಂದು ಸಲ ಹೊಳೆ ತುಂಬಿದ್ರೆ ಈ ಕಸ ಮಂಡಗದ್ದೆ ದಾಟಿ, ಗಾಜನೂರು, ಶಿವಮೊಗ್ಗ, ಕೂಡ್ಲಿ, ಆಮೇಲೆ ಹರಿಹರ. ನಾವು ಬಿಟ್ಟಿದ್ದನ್ನ ಕೆಳಗಿನವರು ಕುಡೀಬೇಕು.

ಮೇಷ್ಟ್ರು ಮಕ್ಕಳನ್ನ ನೀರಿಗೆ ಇಳಿಸಲಿಲ್ಲ. ಮೆಟ್ಟಿಲು ಮತ್ತೆ ದಂಡೆ ಅಷ್ಟೇ. ಕೈಗೆ ಗ್ಲೌಸ್ ಕೊಟ್ಟಿದ್ರು. ಗಾಜಿನ ಚೂರು ದೊಡ್ಡವರು ಮಾತ್ರ ಮುಟ್ಟಬೇಕು ಅಂತ ಕಟ್ಟಪ್ಪಣೆ.

ನನಗೆ ಇಷ್ಟ ಆಗಿದ್ದು ಮುಂದಿನದ್ದು. ಮಕ್ಕಳು ಕಸ ತುಂಬಿಸಿ ಫೋಟೋ ತೆಗೆಸ್ಕೊಂಡು ಮನೆಗೆ ಹೋಗ್ಲಿಲ್ಲ. ಎಲ್ಲಾನೂ ಒಂದು ಟಾರ್ಪಾಲಿನ ಮೇಲೆ ಸುರಿದು ಮೂರು ಗುಂಪು ಮಾಡಿದ್ರು: ಪ್ರವಾಸಿಗರದ್ದು, ಮನೆಯದ್ದು, ತೋಟದ್ದು. ಪ್ರವಾಸಿಗರದ್ದು ಅಂದ್ರೆ ಚಿಪ್ಸ್ ಕವರ್, ಬಿಯರ್ ಬಾಟ್ಲಿ, 2022ರ ಜುಲೈನಿಂದ ದೇಶದಲ್ಲೇ ನಿಷೇಧ ಆಗಿರೋ ಪ್ಲಾಸ್ಟಿಕ್ ಲೋಟ, ಚಮಚ. ಮನೆಯದ್ದು ಅಂದ್ರೆ ಹಾಲಿನ ಕವರ್, ಡೈಪರ್, ಹಳೇ ಬಟ್ಟೆ, ಒಡೆದ ದೇವರ ಫೋಟೋ. ಈ ಎರಡೂ ಇರುತ್ತೆ ಅಂತ ನನಗೂ ಗೊತ್ತಿತ್ತು. ಮೂರನೇ ಗುಂಪು ಅಷ್ಟು ದೊಡ್ಡದಿರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಒಟ್ಟು ಹನ್ನೊಂದು ಚೀಲ. ಅದರಲ್ಲಿ ನಾಲ್ಕು ತೋಟದ್ದು.

ಏನೇನಿತ್ತು ಅಂತ ಕೇಳಿ. ಗೊಬ್ಬರದ ಚೀಲ, ಡ್ರಿಪ್ ಪೈಪಿನ ತುಂಡು, ಮೈಲುತುತ್ತದ ಪ್ಯಾಕೆಟ್, ಸುಣ್ಣದ ಚೀಲ, ಕೀಟನಾಶಕದ ಸಣ್ಣ ಬಾಟ್ಲಿಗಳು, ಕೆಲವದರ ಮೇಲೆ ಹಳದಿ ತ್ರಿಕೋನ ಇನ್ನೂ ಕಾಣ್ತಿತ್ತು. ಎಲ್ಲಕ್ಕಿಂತ ಹೆಚ್ಚು ಅಂದ್ರೆ ಅಡಿಕೆ ಕೊನೆಗೆ ಕಟ್ಟೋ ಪ್ಲಾಸ್ಟಿಕ್ ಕೊಟ್ಟೆ. ಹರಿದು ಚಿಂದಿಯಾಗಿ, ಲಕ್ಕಿ ಗಿಡಗಳ ಬುಡಕ್ಕೆ ಸುತ್ಕೊಂಡು, ಎಳೆದ್ರೆ ಬರಲ್ಲ, ತುಂಡಾಗುತ್ತೆ. ಮಕ್ಕಳಿಗೆ ಅದು ಎಂತ ಅಂತಾನೇ ಮೊದಲು ಗೊತ್ತಾಗ್ಲಿಲ್ಲ. ನಾನೇ ಹೇಳ್ಬೇಕಾಯ್ತು.

ಆಗ ಆ ನೋಟ್‌ಬುಕ್ ಹುಡುಗಿ ಒಂದು ಐದು ಲೀಟರ್ ಕ್ಯಾನ್ ತಂದ್ಲು. ಕಳೆನಾಶಕದ ಕ್ಯಾನ್. ಅದರ ಮೇಲೆ ಹಸಿರು ಬಣ್ಣದಲ್ಲಿ "ಕೆಳಮನೆ" ಅಂತ ಬರ್ದಿತ್ತು. ಗೇಟಿಗೆ ಹಚ್ಚಿ ಉಳಿದ ಬಣ್ಣದಲ್ಲಿ ನಾನೇ ಬರ್ದಿದ್ದು. ಖಾಲಿ ಆದ ಮೇಲೆ ತೋಟಕ್ಕೆ ನೀರು ಹೊರೋಕೆ ಇಟ್ಕೊಂಡಿದ್ದೆ. ಆ ತಪ್ಪು ಬೇರೆ. ಹೋದ ವರ್ಷ ಹಳ್ಳ ಉಕ್ಕಿದಾಗ ಕಾಣೆಯಾಗಿತ್ತು, ಹುಡುಕಲೂ ಇಲ್ಲ.

"ಅಂಕಲ್, ಇದು ನಿಮ್ಮನೇದಲ್ವಾ?" ಅಂದ್ಲು. ಚುಚ್ಚೋಕೆ ಕೇಳಿದ್ದಲ್ಲ. ಬೇಕಾದ್ರೆ ವಾಪಸ್ ತಗೊಳ್ಳಿ ಅನ್ನೋ ಹಂಗೆ ಕೇಳಿದ್ದು. ಹೌದು ಅಂದೆ. ಹಳ್ಳ ಬಂದು ಕೊಚ್ಕೊಂಡು ಹೋಯ್ತು ಅಂತ ಹೇಳೋಣ ಅನ್ನಿಸ್ತು, ಹೇಳ್ಲಿಲ್ಲ. ಅವಳು ಅದನ್ನ ತೋಟದ್ದರ ಗುಂಪಿಗೆ ಹಾಕಿ ನೋಟ್‌ಬುಕ್ಕಲ್ಲಿ ಒಂದು ಗೀಟು ಎಳೆದ್ಲು. ಕೊನೆಯಲ್ಲಿ ಎರಡು ಮಾತಾಡಿ ಅಂತ ನನಗೆ ಮೈಕ್ ಕೊಟ್ರು. ಮಕ್ಕಳು ಚೆನ್ನಾಗಿ ಮಾಡಿದ್ದೀರಿ ಅಂತ ಹೇಳಿ ಕೂತೆ. ಹೇಳ್ಬೇಕಾಗಿದ್ದನ್ನ ಈಗ ಹೇಳ್ತಾ ಇದೀನಿ.

ಗ್ರೂಪಿನಲ್ಲಿ ಕೆಲವರು ಬೇರೆ ರೀತಿ ಮಾತಾಡಿದ್ರು. ಓದೋ ಮಕ್ಕಳ ಕೈಲಿ ಕಸ ಎತ್ತಿಸೋದು ಸರಿಯಲ್ಲ ಅಂತ ಒಬ್ರು. ಪೇಟೆಯ ಚರಂಡಿ ನೀರೆಲ್ಲ ಹೊಳೆಗೇ ಬಿಡ್ತಾರೆ, ಅದನ್ನ ಕೇಳೋರಿಲ್ಲ, ರೈತನ ನಾಲ್ಕು ಬಾಟ್ಲಿ ಕಣ್ಣಿಗೆ ಬಿತ್ತಾ ಅಂತ ಇನ್ನೊಬ್ರು. ಪ್ಲಾಸ್ಟಿಕ್ ಮಾಡಿದ ಕಂಪನಿಯವನೇ ವಾಪಸ್ ತಗೊಳ್ಳಲಿ ಅಂತ ಮತ್ತೊಬ್ರು. ಮೂರೂ ಮಾತಲ್ಲಿ ಸತ್ಯ ಇದೆ.

ಚರಂಡಿ ವಿಷಯ ನಿಜ, ಅದಕ್ಕೆ ಹೋರಾಟ ಬೇಕು. ಆದ್ರೆ ಪೇಟೆಯ ಚರಂಡಿ ಸೇರೋದು ಪೇಟೆ ಹತ್ರ. ಅದಕ್ಕಿಂತ ಮೇಲೆ, ನಮ್ಮ ಹಳ್ಳಗಳಲ್ಲಿ, ಯಾವ ಪೇಟೆ ಇದೆ? ಬಸಿಗಾಲುವೆಯಿಂದ ಹಳ್ಳ, ಹಳ್ಳದಿಂದ ಹೊಳೆ, ಈ ದಾರಿಯಲ್ಲಿ ಇರೋದು ನಾವೇ. ಬೋರ್ಡೋ ಡ್ರಮ್ ಎಲ್ಲಿ ತೊಳಿತೀವಿ ಅಂತ ಒಬ್ಬೊಬ್ರೂ ಎದೆ ಮುಟ್ಕೊಂಡು ಹೇಳಿ. ಹಳ್ಳದಲ್ಲಿ ತಾನೇ? ತಾಮ್ರ ಮೀನಿಗೆ ವಿಷ. ಚಿಬ್ಬಲಗುದ್ದೆ ಮತ್ಸ್ಯಧಾಮಕ್ಕೆ ಹೋಗಿ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬರ್ತೀವಿ, ಮನೆಗೆ ಬಂದು ಅದೇ ನೀರಿಗೆ ಸೇರೋ ಹಳ್ಳದಲ್ಲಿ ಮೈಲುತುತ್ತದ ಡ್ರಮ್ ತೊಳಿತೀವಿ.

ಕಂಪನಿ ವಿಷಯವೂ ನಿಜ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲಿ, ತಯಾರಕರು ತಮ್ಮ ಪ್ಯಾಕಿಂಗ್ ಪ್ಲಾಸ್ಟಿಕ್‌ನ ಹೊಣೆ ಹೊರಬೇಕು ಅಂತ ಇದೆ. ಆದ್ರೆ ನಾನು ಔಷಧಿ ತರೋ ಅಂಗಡಿಯಲ್ಲಿ ಖಾಲಿ ಬಾಟ್ಲಿ ತಗೋತೀರಾ ಅಂದ್ರೆ ನಕ್ಕುಬಿಟ್ರು. ಇನ್ನು 1971ರ ಕೀಟನಾಶಕ ನಿಯಮದಲ್ಲಿ ಡಬ್ಬಿಯನ್ನ ಒಡೆದು ಜನವಸತಿಯಿಂದ ದೂರ ಹೂಳಬೇಕು ಅಂತ ಬರ್ದಿದೆ. ನಮ್ಮ ಮಲೆನಾಡಲ್ಲಿ ಆ ದೂರ ಎಲ್ಲಿದೆ ಮಾರಾಯ್ರೆ? ಮೇಲೆ ಮನೆ, ಪಕ್ಕದಲ್ಲಿ ಬಾವಿ, ಕೆಳಗೆ ತೋಟ, ಅದರ ಕೆಳಗೆ ಹಳ್ಳ. ಇಷ್ಟು ಮಳೆಯಲ್ಲಿ ಹೂತಿದ್ದು ಹೂತಲ್ಲೇ ಇರುತ್ತೆ ಅಂತ ನಂಬೋಕಾಗುತ್ತಾ? ಅದಕ್ಕೇ ಸಂಗ್ರಹದ ವ್ಯವಸ್ಥೆ ಬೇಕು. ಕೇಳದೆ ಯಾರೂ ಕೊಡಲ್ಲ. ಕೇಳೋದಕ್ಕೆ ನಮಗೆ ಮುಖ ಇರಬೇಕು ಅಂದ್ರೆ ಮೊದಲು ನಮ್ಮ ಪಾಲಿನದ್ದನ್ನ ಒಂದು ಕಡೆ ಒಟ್ಟು ಮಾಡಿ ಇಡಬೇಕು.

ಇನ್ನು ಮಕ್ಕಳ ಕೈಲಿ ಕಸ ಎತ್ತಿಸೋ ವಿಷಯ. ಇದನ್ನ ನಾನು ಪೂರ್ತಿ ಒಪ್ತೀನಿ, ಆದ್ರೆ ಬೇರೆ ಕಾರಣಕ್ಕೆ. ಚಿಪ್ಸ್ ಕವರ್ ಎತ್ತಿದ್ರೆ ಮಕ್ಕಳಿಗೆ ಏನೂ ಆಗಲ್ಲ, ಒಂದು ಪಾಠವೂ ಆಗುತ್ತೆ. ವಿಷದ ಬಾಟ್ಲಿ ಎತ್ತೋ ಕೆಲಸ ಮಕ್ಕಳದ್ದಲ್ಲ. ಮೇಷ್ಟ್ರು ತಡೆದ್ರೂ ಕೆಲವು ಅವರ ಕೈಗೆ ಬಂದೇ ಬಂತು. ಇದರಲ್ಲಿ ಶಾಲೆಯ ತಪ್ಪಿಲ್ಲ. ಹದಿನಾಲ್ಕು ವರ್ಷದ ಮಗು ಹಳದಿ ತ್ರಿಕೋನದ ಬಾಟ್ಲಿ ಮುಟ್ಟೋ ಹಂಗೆ ಮಾಡಿದ್ದು ನಾವು.

ನಾನು ಮಾಡ್ತಾ ಇರೋದನ್ನ ಹೇಳ್ತೀನಿ, ದೊಡ್ಡ ವಿಷಯ ಏನಲ್ಲ.

ಔಷಧಿ ಬಾಟ್ಲಿ ಖಾಲಿ ಆದ ತಕ್ಷಣ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನ ಸ್ಪ್ರೇ ಟ್ಯಾಂಕಿಗೇ ಹಾಕೋದು. ದುಡ್ಡು ಕೊಟ್ಟ ಔಷಧಿ ಪೂರ್ತಿ ಬಳಕೆಯಾಗುತ್ತೆ, ಹಳ್ಳಕ್ಕೂ ಹೋಗಲ್ಲ. ಆಮೇಲೆ ತಳಕ್ಕೆ ಮೊಳೆಯಿಂದ ತೂತು. ತೂತಾದ ಕ್ಯಾನಲ್ಲಿ ಯಾರೂ ನೀರು ಹೊರಲ್ಲ, ನಾನೂ ಸೇರಿ. ಆಮೇಲೆ ಚೀಲಕ್ಕೆ ಹಾಕಿ ಕೊಟ್ಟಿಗೆಯ ಅಟ್ಟದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ. ಸುಡೋದು ಬೇಡ, ಆ ಹೊಗೆ ನಮ್ಮ ಮೂಗಿಗೇ ಬರೋದು.

ಬೋರ್ಡೋ ಡ್ರಮ್ ತೊಳೆದ ನೀರು ತೋಟದ ಒಳಗೇ, ಅಡಿಕೆ ಸಾಲಿನ ಮಧ್ಯೆ. ಹಳ್ಳಕ್ಕೆ ಇಳಿಸೋದಿಲ್ಲ.

ಕೊಟ್ಟೆ ವಿಷಯ ಕಷ್ಟ, ಒಪ್ಕೋತೀನಿ. ಕೊಳೆ ಬಂದ ವರ್ಷ ನೋಡಿದವರಿಗೆ ಕೊಟ್ಟೆ ಬಿಡಿ ಅಂತ ಹೇಳೋ ಧೈರ್ಯ ನನಗಿಲ್ಲ. ಅಜ್ಜನ ಕಾಲದ ಹಾಳೆ, ಕರಡದ ಕೊಟ್ಟೆಗೆ ವಾಪಸ್ ಹೋಗೋಣ ಅಂದ್ರೆ ಕಟ್ಟೋರೆಲ್ಲಿದ್ದಾರೆ? ಆದ್ರೆ ಕಟ್ಟಿದ್ದನ್ನ ಎಣಿಸಿ ಕಟ್ಟಬಹುದು, ಕೊನೆಕೊಯ್ಲಲ್ಲಿ ಎಣಿಸಿ ಇಳಿಸಬಹುದು. ಈ ಸಲ ನಮ್ಮ ಕೊನೆಗೌಡನ ಹತ್ರ ಮಾತಾಡಿದೀನಿ, ಇಳಿಸಿದ ಕೊಟ್ಟೆ ಚೀಲಕ್ಕೆ ತುಂಬಿಸಿದ್ರೆ ಮೇಲೆ ಇಷ್ಟು ಅಂತ. ಪುಕ್ಕಟೆ ಆಗಲ್ಲ. ಆದ್ರೆ ಆ ಖರ್ಚು ಈವರೆಗೆ ಹೊಳೆ ಕೊಡ್ತಾ ಇತ್ತು ಅಷ್ಟೇ.

ಕೊನೆಯದಾಗಿ ಒಂದು ಕೇಳ್ಕೋತೀನಿ. ಆ ಹನ್ನೊಂದು ಚೀಲದಲ್ಲಿ ಪಂಚಾಯ್ತಿಯ ಕಸದ ಗಾಡಿಯವರು ಏಳು ತಗೊಂಡ್ರು. ತೋಟದ್ದು ನಾಲ್ಕು ಬೇಡ ಅಂದ್ರು, ವಿಷದ ಬಾಟ್ಲಿ ಇದೆ, ವಿಂಗಡಿಸೋ ಹೆಂಗಸರಿಗೆ ತೊಂದರೆ ಅಂತ. ಅವರು ಹೇಳಿದ್ದೂ ಸರಿಯೇ. ಆ ನಾಲ್ಕು ಚೀಲ ಈಗ ನಮ್ಮನೆ ಕೊಟ್ಟಿಗೆಯಲ್ಲಿದೆ. ಸೆಪ್ಟೆಂಬರ್ ಒಳಗೆ ನಮ್ಮ ಸೊಸೈಟಿಯ ಮಹಾಸಭೆ ಬರುತ್ತೆ. ಪ್ರತಿ ವರ್ಷ ಸಹಿ ಹಾಕಿ, ತಿಂಡಿ ತಿಂದು ಬರ್ತೀವಿ. ಈ ಸಲ ಎದ್ದು ನಿಂತು ಒಂದು ಮಾತು ಕೇಳೋಣ: ಔಷಧಿ ಮಾರೋ ಕೌಂಟರಿನ ಪಕ್ಕದಲ್ಲೇ ಖಾಲಿ ಬಾಟ್ಲಿ ವಾಪಸ್ ತಗೊಳ್ಳೋ ಒಂದು ಡ್ರಮ್ ಇಡಿ, ಅದನ್ನ ಕಂಪನಿಯವರ ತಲೆಗೆ ಕಟ್ಟೋ ಕೆಲಸ ಸೊಸೈಟಿ ಮಾಡ್ಲಿ. ನಾನೊಬ್ಬನೇ ಕೇಳಿದ್ರೆ ನಗ್ತಾರೆ. ಇಪ್ಪತ್ತು ಜನ ಕೇಳಿದ್ರೆ ನಡಾವಳಿಯಲ್ಲಿ ಬರೀಬೇಕಾಗುತ್ತೆ.

ಮುಂದಿನ ಜೂನ್ 5ಕ್ಕೂ ಟಿಲ್ಲರ್ ತರ್ತೀನಿ ಅಂತ ಆ ಹುಡುಗಿಗೆ ಹೇಳಿದೀನಿ. ಅವಳ ನೋಟ್‌ಬುಕ್ಕಲ್ಲಿ ಮೂರು ಪಟ್ಟಿ ಹಾಗೇ ಇದೆ. ಮೊದಲನೇದೂ ಎರಡನೇದೂ ನಮ್ಮ ಕೈಲಿ ಪೂರ್ತಿ ಇಲ್ಲ. ಮೂರನೇದು ಇದೆ.

ಮಹಾಸಭೆಗೆ ಯಾರ್ಯಾರು ಬರ್ತೀರಿ, ಕೆಳಗೆ ಬರೀರಿ. ಬಾಟ್ಲಿ ಕೂಡಿಟ್ಟಿರೋರು ಅದನ್ನೂ ಬರೀರಿ, ಎಷ್ಟು ಚೀಲ ಆಗುತ್ತೆ ಅಂತ ಲೆಕ್ಕ ಇಟ್ಕೊಂಡೇ ಹೋಗೋಣ.