ಊಹೆ ಇರಲಿ, ಪಣ ಬೇಡ

ನನ್ನ ಅಕ್ಕನ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. 2024ರ ನವೆಂಬರ್‌ನಲ್ಲಿ ಒಂದು ರಾತ್ರಿ ಅವನಿಂದ ವಾಟ್ಸ್ಆ್ಯಪ್‌ಗೆ ಒಂದು ಚಿತ್ರ ಬಂತು. ಎಂಟು ಕಾಲೇಜು ತಂಡಗಳ ಹೆಸರು, ನಡುವೆ ಗೆರೆಗಳು, ಕೊನೆಗೆ ಒಂದು ಖಾಲಿ ಚೌಕ. ಕೆಳಗೆ ಒಂದೇ ಸಾಲು: "ಮಾಮ, ಯಾರು ಗೆಲ್ತಾರೆ? ನೀವೂ ತುಂಬಿಸಿ ಕಳಿಸಿ."

ಗಲ್ಫ್‌ನಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಕಾಲದಲ್ಲಿ ಟಿವಿಯಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡುವ ಅಭ್ಯಾಸ ನನಗೆ ಹತ್ತಿತ್ತು. ಅದು ಗೊತ್ತಿದ್ದೇ ಅವನು ಕಳಿಸಿದ್ದು. ನಾನು ಹೆಚ್ಚು ಯೋಚಿಸಲಿಲ್ಲ. ಕೊನೆಯ ಚೌಕದಲ್ಲಿ "ಯೂಕಾನ್" ಎಂದು ಬರೆದು ಕಳಿಸಿ ಮಲಗಿದೆ. ಅವನೂ ಅದನ್ನೇ ಬರೆದಿದ್ದನಂತೆ. ವ್ಯತ್ಯಾಸ ಇಷ್ಟೇ. ನಾನು ಹೆಸರು ಮಾತ್ರ ಬರೆದಿದ್ದೆ, ಅವನು ಹಣವನ್ನೂ ಇಟ್ಟಿದ್ದ.

ಈ ಕಥೆಯನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇವತ್ತು ದೂರದ ದೇಶಗಳಲ್ಲಿ, ಫೋನ್ ಕೈಯಲ್ಲಿ ಹಿಡಿದು, ಒಬ್ಬರೇ ಕೋಣೆಯಲ್ಲಿ ಕೂತಿದ್ದಾರೆ. ಅದಕ್ಕಾಗಿ ಬರೆಯಬೇಕು ಅನ್ನಿಸಿತು.

ಮೊದಲು ಈ ಟೂರ್ನಿ ಎಂಥದು ಅಂತ ಹೇಳುತ್ತೇನೆ. ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಋತು ನವೆಂಬರ್ ಮೊದಲ ವಾರ ಶುರುವಾಗಿ ಏಪ್ರಿಲ್ ಮೊದಲ ವಾರದವರೆಗೆ ಹೋಗುತ್ತದೆ. ಕೊನೆಗೆ ಬರುವುದು ರಾಷ್ಟ್ರೀಯ ಟೂರ್ನಿ. ಆದರೆ ಋತುವಿನ ಆರಂಭದಲ್ಲೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ, ಕೆಲವು ಸಣ್ಣ ಟೂರ್ನಿಗಳು ನಡೆಯುತ್ತವೆ. ಅವುಗಳಲ್ಲಿ ಬಹಳ ಹೆಸರಾದದ್ದು ಹವಾಯಿ ದ್ವೀಪಗಳ ಮೌಯಿ ಇನ್ವಿಟೇಷನಲ್. ಎಂಟು ತಂಡ, ಮೂರು ದಿನ. ಸೋತವರು ಮನೆಗೆ ಹೋಗುವಂತಿಲ್ಲ, ಸೋತವರ ನಡುವೆಯೂ ಪಂದ್ಯ ಉಂಟು. ಹೀಗೆ ಪ್ರತಿ ತಂಡಕ್ಕೂ ಮೂರು ಆಟ, ಒಟ್ಟು ಹನ್ನೆರಡು. ಆಟದ ಜಾಗ ಲಹೈನಾ ಸಿವಿಕ್ ಸೆಂಟರ್ ಎಂಬ ಸಣ್ಣ ಒಳಾಂಗಣ, ಎರಡೂವರೆ ಸಾವಿರ ಜನವೂ ಹಿಡಿಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಲಹೈನಾ ಊರು ಕಾಳ್ಗಿಚ್ಚಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ತೀರಿಕೊಂಡಾಗ ಆ ವರ್ಷದ ಟೂರ್ನಿ ಹೊನಲುಲುವಿಗೆ ಹೋಯಿತು. 2024ರಲ್ಲಿ ಮತ್ತೆ ಅದೇ ಊರಿಗೆ ಬಂತು.

ಯೂಕಾನ್ ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ತಂಡ. 2023 ಮತ್ತು 2024, ಎರಡು ವರ್ಷ ಬೆನ್ನುಬೆನ್ನಿಗೆ ರಾಷ್ಟ್ರೀಯ ಚಾಂಪಿಯನ್. ಮೌಯಿಗೆ ಬರುವಾಗ ದೇಶದಲ್ಲಿ ಎರಡನೇ ಸ್ಥಾನ. ಅವರನ್ನು ಬಿಟ್ಟು ಬೇರೆ ಹೆಸರು ಬರೆಯಲು ಯಾರಿಗೆ ಧೈರ್ಯ?

ಮೊದಲ ದಿನ ಮೆಂಫಿಸ್ ಎದುರು ಆಟ ಓವರ್‌ಟೈಮ್‌ಗೆ ಹೋಯಿತು. ಕೊನೆಯ ನಿಮಿಷದಲ್ಲಿ ರೆಫರಿಯ ಒಂದು ತೀರ್ಪಿಗೆ ಯೂಕಾನ್ ಕೋಚ್ ಡ್ಯಾನ್ ಹರ್ಲಿ ಸಿಟ್ಟಾದರು, ಟೆಕ್ನಿಕಲ್ ಫೌಲ್ ಬಿತ್ತು. ಮೆಂಫಿಸ್‌ನ ಹುಡುಗ ಒಂದಾದ ಮೇಲೊಂದು ನಾಲ್ಕು ಫ್ರೀ ಥ್ರೋ ಹಾಕಿದ. 99-97. ಎರಡನೇ ದಿನ ಕೊಲೊರಾಡೊ ಎದುರು 73-72, ಒಂದೇ ಅಂಕದ ಸೋಲು. ಮೂರನೇ ದಿನ ಡೇಟನ್ ಎದುರು 85-67, ಹೀನಾಯ ಸೋಲು. ಚಾಂಪಿಯನ್ನರು ಮೂರಕ್ಕೆ ಮೂರೂ ಸೋತು ವಿಮಾನ ಹತ್ತಿದರು. ಟ್ರೋಫಿ ಎತ್ತಿದ್ದು ಆಬರ್ನ್, ಫೈನಲ್‌ನಲ್ಲಿ ಮೆಂಫಿಸ್ ವಿರುದ್ಧ 90-76.

ನಮ್ಮ ಹುಡುಗನ ಲೆಕ್ಕವೂ ಹಾಗೆಯೇ ಆಯಿತು. ಮೊದಲ ದಿನ ಇಟ್ಟದ್ದು ಹೋಯಿತು. ಹೋದದ್ದನ್ನು ವಾಪಸ್ ತರಲು ಎರಡನೇ ದಿನ ಅದರ ಎರಡು ಪಟ್ಟು ಇಟ್ಟ. ಅದೂ ಹೋಯಿತು. ಮೂರನೇ ದಿನ "ಇವತ್ತಾದರೂ ಗೆಲ್ಲದೆ ಇರ್ತಾರಾ" ಅಂತ ಉಳಿದದ್ದನ್ನೂ ಇಟ್ಟ. ಆ ತಿಂಗಳ ಬಾಡಿಗೆಯ ಅರ್ಧ ಮುಗಿಯಿತು. ಉಮ್ಮನಿಗೆ ಹೇಳಲಿಕ್ಕೆ ಮುಖವಿಲ್ಲದೆ ನನಗೆ ಫೋನ್ ಮಾಡಿದ. ನಾನು ಗದರಿಸಿದೆ. ಆಗ ಅವನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿ ಉಂಟು: "ಅದು ಜೂಜಲ್ಲ ಮಾಮ, ನಾನು ಸ್ಟಡಿ ಮಾಡಿಯೇ ಹಾಕಿದ್ದು."

ಈ ಮಾತಿಗೆ ಉತ್ತರ ಕೊಡದೆ ಬರೀ ಬೈದರೆ ಪ್ರಯೋಜನವಿಲ್ಲ. ಜೂಜು ಹರಾಂ ಅಂತ ನಮ್ಮ ಮದ್ರಸಕ್ಕೆ ಹೋಗುವ ಸಣ್ಣ ಮಗುವಿಗೂ ಗೊತ್ತು. ಆದರೆ ಆ್ಯಪ್‌ನವರು ಅದನ್ನು ಜೂಜು ಅಂತ ಕರೆಯುವುದೇ ಇಲ್ಲವಲ್ಲ. ಜ್ಞಾನ, ಕೌಶಲ, ಅಂಕಿಅಂಶ ಅನ್ನುತ್ತಾರೆ. ಹಾಗಾದರೆ ನೋಡೋಣ, ನವೆಂಬರ್‌ನ ಒಂದು ಟೂರ್ನಿಯ ಬಗ್ಗೆ ಮನುಷ್ಯನಿಗೆ ಎಷ್ಟು ತಿಳಿಯಲು ಸಾಧ್ಯ?

ಮೊದಲನೆಯದು, ಹೆಸರು ಅದೇ, ತಂಡ ಅದಲ್ಲ. 2024ರ ಏಪ್ರಿಲ್‌ನಲ್ಲಿ ಕಪ್ ಗೆದ್ದ ಯೂಕಾನ್‌ನ ಐದು ಮಂದಿ ಪ್ರಮುಖ ಆಟಗಾರರಲ್ಲಿ ನಾಲ್ವರು ಅದೇ ವರ್ಷ ಎನ್‌ಬಿಎ ತಂಡಗಳಿಗೆ ಆಯ್ಕೆಯಾಗಿ ಹೋದರು. ನಾವು ಬರೆದದ್ದು ಹೋದವರ ಹೆಸರಿನ ಮೇಲೆ, ಆಡಿದ್ದು ಬಂದವರು. ಇದು ಯೂಕಾನ್ ಒಂದರ ಕಥೆಯಲ್ಲ. 2021ರಿಂದ ಆಟಗಾರರು ಕಾಲೇಜು ಬದಲಾಯಿಸಿದರೂ ಒಂದು ವರ್ಷ ಕಾಯದೆ ತಕ್ಷಣ ಆಡಬಹುದು ಎಂಬ ನಿಯಮ ಬಂದ ಮೇಲೆ, ಪ್ರತಿ ಬೇಸಿಗೆಯಲ್ಲೂ ಅರ್ಧ ತಂಡವೇ ಬದಲಾಗುವುದು ಸಾಮಾನ್ಯ ಸಂಗತಿ. ನವೆಂಬರ್‌ನಲ್ಲಿ ಒಬ್ಬರಿಗೊಬ್ಬರು ಪಾಸ್ ಕೊಡುವುದನ್ನೇ ಇನ್ನೂ ಕಲಿಯುತ್ತಿರುತ್ತಾರೆ.

ಎರಡನೆಯದು, ಲೆಕ್ಕ ಹಾಕಲು ಲೆಕ್ಕವೇ ಇಲ್ಲ. ಮೌಯಿಗೆ ಬರುವಾಗ ಪ್ರತಿ ತಂಡ ಆಡಿರುವುದು ನಾಲ್ಕೈದು ಪಂದ್ಯ, ಅದರಲ್ಲೂ ಹೆಚ್ಚಿನವು ದುರ್ಬಲ ತಂಡಗಳ ಎದುರು, ಸ್ವಂತ ಅಂಗಳದಲ್ಲಿ. ಆಗ ಪ್ರಕಟವಾಗುವ ರ್‍ಯಾಂಕಿಂಗ್ ಕ್ರೀಡಾ ಪತ್ರಕರ್ತರ ಮತದಾನ. ಕೆನ್ ಪೊಮೆರಾಯ್ ಅವರಂಥ ಅಂಕಿಅಂಶ ತಜ್ಞರ ಪಟ್ಟಿ ಕೂಡ ಋತುವಿನ ಆರಂಭದಲ್ಲಿ ಹಿಂದಿನ ವರ್ಷಗಳ ಮಾಹಿತಿಯ ಮೇಲೆ ನಿಂತಿರುತ್ತದೆ. ಆಟಗಳು ಹೆಚ್ಚಾದಂತೆ ಆ ಹಳೆಯ ಅಂದಾಜಿನ ಭಾರವನ್ನು ಅವರೇ ಇಳಿಸುತ್ತಾ ಹೋಗುತ್ತಾರೆ. ಅಂದರೆ ಬಲ್ಲವರೇ ನವೆಂಬರ್‌ನಲ್ಲಿ ತಮ್ಮ ಮಾತನ್ನು ಪೂರ್ತಿ ನಂಬುವುದಿಲ್ಲ.

ಮೂರನೆಯದು, ಮೂರು ದಿನದಲ್ಲಿ ಮೂರು ಆಟ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಗೂ ಹವಾಯಿಗೂ ಐದು ಗಂಟೆಯ ವ್ಯತ್ಯಾಸ. ದೂರದ ಪ್ರಯಾಣ, ನಿದ್ದೆಗೆಟ್ಟ ಕಣ್ಣು, ನಾಳೆ ಯಾರ ಎದುರು ಆಡಬೇಕು ಅಂತ ಇವತ್ತು ರಾತ್ರಿಯೇ ಗೊತ್ತಾಗುವುದು. ತಯಾರಿಗೆ ಸಮಯವೆಲ್ಲಿ?

ಇನ್ನು ಗಣಿತ. ಎಂಟು ತಂಡದಲ್ಲಿ ಚಾಂಪಿಯನ್‌ವರೆಗಿನ ದಾರಿಯಲ್ಲಿ ಏಳು ಪಂದ್ಯ. ಏಳನ್ನೂ ಸರಿಯಾಗಿ ಹೇಳಬೇಕಾದರೆ ಇರುವ ದಾರಿ 128, ಸರಿಯಾದದ್ದು ಒಂದೇ. ಒಂದು ತಂಡ ಎಷ್ಟು ಬಲಿಷ್ಠವೆಂದರೆ ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ನೂರಕ್ಕೆ 70 ಅಂತ ಇಟ್ಟುಕೊಳ್ಳಿ. ಮೂರೂ ಗೆದ್ದು ಕಪ್ ಎತ್ತುವ ಸಾಧ್ಯತೆ ನೂರಕ್ಕೆ 34 ಮಾತ್ರ. ಅಂದರೆ ಎಲ್ಲರಿಗಿಂತ ಬಲಿಷ್ಠ ತಂಡವೂ ಮೂರು ಸಲ ಬಂದರೆ ಎರಡು ಸಲ ಕಪ್ ಇಲ್ಲದೆ ಹೋಗುತ್ತದೆ. ಇದನ್ನು ಅಚ್ಚರಿ ಅಂತ ಕರೆಯುವುದು ನಮ್ಮ ತಪ್ಪು.

ಅಷ್ಟಕ್ಕೂ ಈ ಟೂರ್ನಿ ಹುಟ್ಟಿದ್ದೇ ಒಂದು ಸುಳ್ಳಾದ ಊಹೆಯಿಂದ. 1982ರ ಡಿಸೆಂಬರ್‌ನಲ್ಲಿ, ಏಳು ಅಡಿ ನಾಲ್ಕು ಇಂಚಿನ ರಾಲ್ಫ್ ಸ್ಯಾಂಪ್ಸನ್ ಇದ್ದ, ದೇಶದ ನಂಬರ್ ಒನ್ ವರ್ಜೀನಿಯಾ ತಂಡ ಹೊನಲುಲುವಿನಲ್ಲಿ ಶಾಮಿನಾಡ್ ಎಂಬ ಪುಟ್ಟ ವಿಶ್ವವಿದ್ಯಾನಿಲಯದ ಎದುರು 77-72ರಿಂದ ಸೋತಿತು. ಆ ಒಂದು ರಾತ್ರಿಯ ಹೆಸರಿನ ಮೇಲೆ 1984ರಲ್ಲಿ ಈ ಟೂರ್ನಿ ಶುರುವಾಯಿತು. ಶಾಮಿನಾಡೇ ಆತಿಥೇಯ. ಮುಂದೆಯೂ ಅದು 2003ರಲ್ಲಿ ವಿಲನೋವಾ, 2012ರಲ್ಲಿ ಟೆಕ್ಸಸ್‌ನಂಥ ದೊಡ್ಡ ಹೆಸರುಗಳನ್ನು ಕೆಡವಿತು.

ಹಾಗಾದರೆ ಊಹೆ ಮಾಡುವುದೇ ದಡ್ಡತನವೇ? ಅಲ್ಲ. ಅದು ಚಂದದ ಕೆಲಸ, ತಲೆಗೆ ಒಳ್ಳೆಯ ವ್ಯಾಯಾಮ. ನವೆಂಬರ್ ಕೆಲವೊಮ್ಮೆ ನಿಜವನ್ನೂ ಹೇಳುತ್ತದೆ. 2010ರಲ್ಲಿ ರ್‍ಯಾಂಕಿಂಗ್‌ನಲ್ಲೇ ಇಲ್ಲದ ಯೂಕಾನ್, ಕೆಂಬಾ ವಾಕರ್ ಆಟದಿಂದ ಮೌಯಿ ಗೆದ್ದು ಮುಂದಿನ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. 2023ರಲ್ಲಿ ಗೆದ್ದ ಪರ್ಡ್ಯೂ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. 2024ರಲ್ಲಿ ಗೆದ್ದ ಆಬರ್ನ್ ಕೊನೆಯ ನಾಲ್ಕರಲ್ಲಿ ನಿಂತಿತು. ಆದರೆ ಅದೇ ವರ್ಷ ಯೂಕಾನ್ ಅನ್ನು ಸೋಲಿಸಿದ ಕೊಲೊರಾಡೊ ತನ್ನ ಲೀಗ್‌ನ ಇಪ್ಪತ್ತು ಪಂದ್ಯಗಳಲ್ಲಿ ಗೆದ್ದದ್ದು ಮೂರೇ ಮೂರು. ಯಾವ ಫಲಿತಾಂಶ ಮುನ್ಸೂಚನೆ, ಯಾವುದು ಒಂದು ದಿನದ ಗಾಳಿ ಅಂತ ಗೊತ್ತಾಗುವುದು ಏಪ್ರಿಲ್‌ನಲ್ಲಿ. ಹಣ ಕಟ್ಟಬೇಕಾದದ್ದು ಮಾತ್ರ ನವೆಂಬರ್‌ನಲ್ಲಿ.

ಇಲ್ಲೇ ವ್ಯಾಪಾರ ಅಡಗಿರುವುದು. 1992ರ ಒಂದು ಕಾನೂನು ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ಬಾಗಿಲು ಹಾಕಿತ್ತು. 2018ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ರಾಜ್ಯದ ಮೇಲೆ ರಾಜ್ಯ ಬಾಗಿಲು ತೆರೆಯಿತು. ವಿಚಿತ್ರವೆಂದರೆ ಟೂರ್ನಿ ನಡೆಯುವ ಹವಾಯಿಯಲ್ಲಿ ಇದೆಲ್ಲ ಕಾನೂನುಬದ್ಧವಾಗಿರಲಿಲ್ಲ. ಆದರೆ ಸಾವಿರಾರು ಮೈಲಿ ದೂರದಲ್ಲಿ ಕೂತ ಹುಡುಗನ ಫೋನ್‌ನಲ್ಲಿ ಅದೇ ಆಟದ ಮೇಲೆ ಅಂಗಡಿ ತೆರೆದಿತ್ತು.

ಆ ಅಂಗಡಿಯ ಲೆಕ್ಕ ಕೇಳಿ. ಅಂತರ ಕಟ್ಟಿ ಇಬ್ಬರನ್ನೂ ಸಮ ಮಾಡಿದ ಪಂದ್ಯದಲ್ಲಿ ಸಾಮಾನ್ಯ ದರವೆಂದರೆ 110 ಡಾಲರ್ ಇಟ್ಟರೆ ಗೆದ್ದಾಗ ಬರುವ ಲಾಭ 100. ಸೋತರೆ ಹೋಗುವುದು 110. ಹತ್ತು ಪಂದ್ಯದಲ್ಲಿ ಐದು ಸರಿ, ಐದು ತಪ್ಪು ಹೇಳಿದಿರಿ ಅಂತ ಇಟ್ಟುಕೊಳ್ಳಿ. ಬಂದದ್ದು 500, ಹೋದದ್ದು 550. ಅರ್ಧಕ್ಕರ್ಧ ಸರಿ ಹೇಳಿಯೂ 50 ಡಾಲರ್ ನಷ್ಟ. ಸ್ಟಡಿ ಮಾಡಿದವನೂ ಈ ಬಾಡಿಗೆ ಕಟ್ಟಲೇಬೇಕು. ನಮ್ಮ ಹುಡುಗ ಎರಡೆರಡು ಬಾಡಿಗೆ ಕಟ್ಟುತ್ತಿದ್ದ, ಒಂದು ಕೋಣೆಗೆ, ಇನ್ನೊಂದು ಅಂಗಡಿಗೆ.

ಇನ್ನೊಂದು ಮಾತು. ಆಡುವವರು ಯಾರು? ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಹುಡುಗರು, ವಿದ್ಯಾರ್ಥಿಗಳು. ಫ್ರೀ ಥ್ರೋ ತಪ್ಪಿದ ರಾತ್ರಿ ಅವರ ಫೋನ್‌ಗೆ ಬರುವ ಬೈಗುಳ, ಬೆದರಿಕೆಗಳಲ್ಲಿ ಹಣ ಕಳೆದುಕೊಂಡವರದ್ದೂ ಇರುತ್ತವೆ. ಇಂಥ ಕಾರಣಕ್ಕೇ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ 2024ರಲ್ಲಿ, ಕಾಲೇಜು ಆಟಗಾರ ಒಬ್ಬೊಬ್ಬನ ಅಂಕದ ಮೇಲೆ ಬೆಟ್ಟಿಂಗ್ ನಡೆಸುವುದನ್ನು ನಿಷೇಧಿಸಿ ಅಂತ ರಾಜ್ಯಗಳನ್ನು ಕೇಳಿಕೊಂಡದ್ದು. ಹಣ ಸೇರಿದರೆ ಆಟವೇ ಕೆಡುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿಯೂ ಉಂಟು. 1950ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜು ದೇಶದ ಎರಡೂ ದೊಡ್ಡ ಟೂರ್ನಿಗಳನ್ನು ಒಂದೇ ವರ್ಷ ಗೆದ್ದಿತ್ತು. ಮರುವರ್ಷ ಅದೇ ತಂಡದ ಹುಡುಗರು ಜೂಜುಕೋರರಿಂದ ಹಣ ಪಡೆದು ಅಂತರ ಹೊಂದಿಸಿದ ಆರೋಪದಲ್ಲಿ ಬಂಧನವಾದರು. ಆ ಮೇಲೆ ಆ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಹಿಂದಿನ ಎತ್ತರಕ್ಕೆ ಏರಲೇ ಇಲ್ಲ.

ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಆ ಕಾನೂನು ಅಮೆರಿಕದಲ್ಲೋ ಬ್ರಿಟನ್‌ನಲ್ಲೋ ಇರುವ ನಮ್ಮ ಮಗನ ಕೋಣೆಗೆ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ನಮ್ಮ ಫೋನ್ ಕರೆ ಮಾತ್ರ. "ಊಟ ಆಯ್ತಾ, ನಮಾಝ್ ಆಯ್ತಾ" ಎಂದು ಕೇಳುವ ಜೊತೆಗೆ "ಹಣಕ್ಕೆ ತೊಂದರೆ ಉಂಟಾ" ಅಂತಲೂ ಕೇಳಿ. ಕೇಳುವಾಗ ಬಯ್ಯುವ ಧ್ವನಿ ಬೇಡ. ಬೈಗುಳಕ್ಕೆ ಹೆದರಿದವನೇ ಹೋದದ್ದನ್ನು ಗುಟ್ಟಾಗಿ ಮರಳಿ ಗೆಲ್ಲಲು ಹೊರಡುವುದು. ಮೊದಲ ದಿನವೇ ನಮ್ಮ ಹುಡುಗ ಫೋನ್ ಮಾಡಿದ್ದರೆ ಎರಡು ದಿನದ ಹಣ ಉಳಿಯುತ್ತಿತ್ತು. ಮಾಡಲಿಲ್ಲ ಅಂದರೆ ಅದರಲ್ಲಿ ನಮ್ಮ ಪಾಲೂ ಉಂಟು.

ಈಗ ನವೆಂಬರ್ ಬಂದರೆ ನಮ್ಮ ಕುಟುಂಬದ ಗ್ರೂಪ್‌ನಲ್ಲಿ ಚಿತ್ರ ಬರುತ್ತದೆ, ಎಲ್ಲರೂ ತುಂಬಿಸುತ್ತೇವೆ. ನಿಯಮ ಎರಡು. ಹೆಸರಿನ ಪಕ್ಕ ನೂರಕ್ಕೆ ಎಷ್ಟು ಖಾತ್ರಿ ಅಂತ ಬರೆಯಬೇಕು, ಒಂದು ಕಾರಣ ಕೊಡಬೇಕು. ಸೋತವನು ಬಿರಿಯಾನಿ ಕೊಡಿಸಬೇಕು ಅಂತ ಒಬ್ಬ ಹೇಳಿದ, ಅದೂ ಪಣವೇ ಅಂತ ಅಕ್ಕ ತಡೆದಳು. ಗೆದ್ದವನಿಗೆ ಸಿಗುವುದು ಮುಂದಿನ ವರ್ಷದವರೆಗೆ ಜಂಭ ಕೊಚ್ಚುವ ಹಕ್ಕು ಮಾತ್ರ.

ಅಳಿಯನೂ ತುಂಬಿಸುತ್ತಾನೆ. ಈಗ ಯಾವ ತಂಡದ ಮುಂದೆಯೂ ನೂರಕ್ಕೆ ನಲ್ವತ್ತಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅವನ ಸ್ಟಡಿ ಸಾರ್ಥಕವಾಯಿತು ಅಂತ ನನಗನ್ನಿಸುವುದು ಅದನ್ನು ನೋಡುವಾಗ.