ಅನಿಮೇಷನ್ ಕಲಿಕೆ: ಕಂಪ್ಯೂಟರ್ ಕೋರ್ಸೇ, ಕಲಾಶಾಲೆಯೇ?

ಪಿಯುಸಿ ಫಲಿತಾಂಶ ಬಂದ ಬಳಿಕ, ಚಿತ್ರ ಬಿಡಿಸುವ ಮಕ್ಕಳಿರುವ ನಮ್ಮ ಅನೇಕ ಮನೆಗಳಲ್ಲಿ ವಿಚಿತ್ರವಾದ ತೀರ್ಮಾನವೊಂದು ನಡೆಯುತ್ತದೆ. ಅನಿಮೇಷನ್ ಕಲಿಯಬೇಕೆಂದು ಮಗಳು ಹೇಳಿದರೆ ಹೆತ್ತವರು ಖಾಸಗಿ ತರಬೇತಿ ಕೇಂದ್ರದ ಶುಲ್ಕ ಹೊಂದಿಸಲು ಓಡಾಡುತ್ತಾರೆ. ಅದೇ ಮಗಳು ಚಿತ್ರಕಲಾ ಕಾಲೇಜಿಗೆ ಸೇರುತ್ತೇನೆಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲನೆಯದು ಕಂಪ್ಯೂಟರ್ ಕೋರ್ಸು, ಎರಡನೆಯದು ನಮ್ಮಂಥವರಿಗೆ ಹೇಳಿಸಿದ್ದಲ್ಲ ಎಂಬ ಭಾವನೆ.

ಪೆನ್ಸಿಲಿನಿಂದ ಬರೆದರೂ ಮೌಸಿನಿಂದ ಬರೆದರೂ ಮುಖ ಮುಖವೇ ಅಲ್ಲವೇ? ಪರದೆಯ ಮೇಲಿನ ಬಿಂಬವನ್ನು ಕಾಗದದ ಚಿತ್ರದಿಂದ ಬೇರೆಯಾಗಿ ಕಾಣುವ ವಿದ್ವಾಂಸರಿದ್ದಾರೆ, ನಿಜ. ಆದರೆ ಆ ಚರ್ಚೆಯನ್ನು ಓದಿ ತಿಳಿದು ನಾವು ಈ ನಿರ್ಧಾರಕ್ಕೆ ಬಂದಿಲ್ಲ. 'ಕಂಪ್ಯೂಟರ್' ಎಂಬ ಪದ ಕೇಳಿ ನಿಶ್ಚಿಂತರಾಗಿದ್ದೇವೆ, ಅಷ್ಟೇ.

ಪ್ರಶ್ನೆ ಹೊಸದೂ ಅಲ್ಲ. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ವ್ಯಕ್ತಿಯೊಬ್ಬರು ಇಬ್ನು ಅಬ್ಬಾಸ್(ರ)ರ ಬಳಿ ತಮ್ಮ ಜೀವನೋಪಾಯದ ಕುರಿತು ವಿಚಾರಿಸಿದ ಪ್ರಸಂಗ ಬುಖಾರಿಯಲ್ಲಿದೆ. ಪ್ರವಾದಿ(ಸ)ರ ಎಚ್ಚರಿಕೆಯನ್ನು ಕೇಳಿ ಆತನ ಮುಖ ಬಿಳಿಚಿಕೊಂಡಿತು. ಆಗ ಇಬ್ನು ಅಬ್ಬಾಸ್‌ರು ಆತನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಚಿತ್ರಿಸುವ ದಾರಿ ತೋರಿಸಿದರು. ಹಝ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ರೆಕ್ಕೆಯುಳ್ಳ ಕುದುರೆಯೊಂದನ್ನು ಕಂಡು ಪ್ರವಾದಿ(ಸ)ರು ನಕ್ಕ ಪ್ರಸಂಗ ಅಬೂದಾವೂದ್‌ನಲ್ಲಿದೆ. ಇವೆರಡರ ನಡುವೆ ವಿದ್ವಾಂಸರ ಅಭಿಪ್ರಾಯಗಳು ಹಲವು: ಜೀವಿಗಳ ಚಿತ್ರವೇ ಬೇಡವೆನ್ನುವವರು ಒಂದೆಡೆ, ಮಕ್ಕಳ ಕಲಿಕೆಗಾಗಿ ವಿನಾಯಿತಿ ನೀಡುವವರು ಇನ್ನೊಂದೆಡೆ. ತೀರ್ಪು ಹೇಳುವ ಅರ್ಹತೆ ಈ ಲೇಖನಕ್ಕಿಲ್ಲ. ನಾನು ಹೇಳುವುದಿಷ್ಟೇ: ತಾವು ನಂಬುವ ವಿದ್ವಾಂಸರನ್ನು ಶುಲ್ಕ ಕಟ್ಟುವ ಮೊದಲೇ, ಮಗಳನ್ನು ಜೊತೆಗೆ ಕೂರಿಸಿಕೊಂಡೇ ಕೇಳಬೇಕು. ಎರಡು ವರ್ಷ ಕಲಿತ ಮೇಲೆ ಮದುವೆಯ ಮಾತು ಬಂದಾಗ "ಇದು ಹರಾಮ್ ಅಲ್ಲವೇ" ಎಂದು ನೆನಪಿಸಿಕೊಳ್ಳುವುದು ಅನ್ಯಾಯ.

ಕಲಿಯಬಹುದೆಂದು ತೀರ್ಮಾನವಾದರೆ ಎಲ್ಲಿ ಕಲಿಯಬೇಕು? ಇಲ್ಲಿ ನನ್ನ ನಿಲುವು ಸ್ಪಷ್ಟ: ಕೈ ಮತ್ತು ಕಣ್ಣನ್ನು ಪಳಗಿಸುವ ಕಲಾಶಾಲೆಯೇ ಮೊದಲ ಆಯ್ಕೆಯಾಗಬೇಕು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಹತ್ತು ಸೆಕೆಂಡಿನ ನಡಿಗೆಗೆ 120 ಚಿತ್ರಗಳು ಬೇಕು. ತಲೆಯ ಮೇಲೆ ಕೊಡ ಹೊತ್ತ ಹೆಂಗಸಿನ ಸೊಂಟ ಯಾವ ಹೆಜ್ಜೆಗೆ ಯಾವ ಕಡೆ ವಾಲುತ್ತದೆ, ಮುದುಕರು ಕಟ್ಟೆಯಿಂದ ಏಳುವಾಗ ಭಾರ ಮೊದಲು ಎಲ್ಲಿ ಬೀಳುತ್ತದೆ ಎಂಬುದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ. ಸಾಫ್ಟ್‌ವೇರಿಗಾಗಿಯೇ ಹಣ ಸುರಿಯಬೇಕಾಗಿಯೂ ಇಲ್ಲ. ಬ್ಲೆಂಡರ್ ಉಚಿತವಾಗಿ ಸಿಗುತ್ತದೆ. ಅದರಲ್ಲೇ ತಯಾರಾದ ಲಾಟ್ವಿಯಾದ 'ಫ್ಲೋ' ಚಿತ್ರಕ್ಕೆ 2025ರಲ್ಲಿ ಆಸ್ಕರ್ ದೊರೆಯಿತು. ಅದರಲ್ಲಿ ಒಂದು ಬೆಕ್ಕಿನ ಕಥೆಯಿದೆ, ಮಾತು ಒಂದೂ ಇಲ್ಲ.

ನಮ್ಮ ದೇಶದ ಅನಿಮೇಷನ್ ಬೆಳೆದದ್ದೂ ಹೀಗೆಯೇ. ರಸಾಯನಶಾಸ್ತ್ರ ಓದಿದ್ದ ರಾಮ್ ಮೋಹನ್ 1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್ ಸೇರಿದರು. ಡಿಸ್ನಿಯಿಂದ ಬಂದಿದ್ದ ಕ್ಲೇರ್ ವೀಕ್ಸ್ ಅಲ್ಲಿ ತರಬೇತಿ ನೀಡುತ್ತಿದ್ದರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಯುನಿಸೆಫ್ ರೂಪಿಸಿದ 'ಮೀನಾ'ಳ ರೂಪ ಮೂಡಿದ್ದು ಅದೇ ರಾಮ್ ಮೋಹನ್‌ರ ಕೈಯಿಂದ. ನಮ್ಮ ಸರಕಾರಿ ಶಾಲೆಗಳಲ್ಲಿ 'ಮೀನಾ ತಂಡ' ಸೇರಿದ್ದ ಹುಡುಗಿಯರಿಗೆ ಅವಳು ಪರಿಚಿತಳೇ.

ಜೀವಿಗಳ ರೂಪ ಬರೆಯಲು ಮನಸ್ಸು ಒಪ್ಪದ ವಿದ್ಯಾರ್ಥಿಗೂ ಈ ವಿದ್ಯೆಯಲ್ಲಿ ಕೆಲಸವಿದೆ. ಕಟ್ಟಡಗಳು, ಯಂತ್ರಗಳು, ನಕಾಶೆಗಳು, ವಿಜ್ಞಾನ ಪಾಠಗಳು, ಅಕ್ಷರ ವಿನ್ಯಾಸ - ಇವೆಲ್ಲ ಇಂದು ಪರದೆಯ ಮೇಲೆ ಚಲಿಸುತ್ತವೆ. ಬಿಜಾಪುರದ ಇಬ್ರಾಹೀಂ ರೋಜಾದ ಗೋಡೆಗಳಲ್ಲಿ ಕಲ್ಲಿನಲ್ಲಿ ಬಿಡಿಸಿದ ಅಕ್ಷರಗಳನ್ನೂ ಜ್ಯಾಮಿತಿಯ ಜಾಲರಿಗಳನ್ನೂ ಕಂಡವರಿಗೆ ಇದರ ಸಾಧ್ಯತೆಯನ್ನು ವಿವರಿಸಬೇಕಿಲ್ಲ. ಅಂತಹ ವಿದ್ಯಾರ್ಥಿ ಪ್ರವೇಶಕ್ಕೆ ಮೊದಲೇ ಶಿಕ್ಷಕರೊಂದಿಗೆ ಮಾತನಾಡಬೇಕು. ಮನುಷ್ಯಾಕೃತಿಯ ಅಭ್ಯಾಸ ಹೇಗೆ ನಡೆಯುತ್ತದೆ, ಅದು ಎಷ್ಟು ಕಡ್ಡಾಯ ಎಂದು ಮುಚ್ಚುಮರೆಯಿಲ್ಲದೆ ಕೇಳಬೇಕು.

ಈಗ ದಾರಿಗಳ ವಿಚಾರ. ಕಿತ್ತೂರಿನ ಬಳಿಯ ದೇಗಾಂವದಂತಹ ಊರನ್ನೇ ತೆಗೆದುಕೊಳ್ಳಿ. ಕದಂಬರ ಕಾಲದ ಕಮಲನಾರಾಯಣ ದೇವಾಲಯದಿಂದ ಹೆಸರಾದ ಹಳ್ಳಿಯದು. ಅದನ್ನು ಕಟ್ಟಿದ ತಿಪ್ಪೋಜನ ಹೆಸರು ಎಂಟು ಶತಮಾನ ದಾಟಿಯೂ ಉಳಿದಿದೆ. ಕುಶಲಕರ್ಮಿಯ ಹೆಸರು ಉಳಿಯುವುದು ಅಪರೂಪ. ಅಲ್ಲಿಂದ ಹೆದ್ದಾರಿ ಹಿಡಿದರೆ ಧಾರವಾಡ ದೂರವಲ್ಲ, ಡಿ. ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿ ಬೆಳೆಸಿದ ಊರದು. ಹುಬ್ಬಳ್ಳಿಯಲ್ಲೂ ಲಲಿತಕಲಾ ಕಾಲೇಜಿದೆ. ಮುಂದೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಇಂತಹ ಕಡೆ ಪಡೆಯುವ ದೃಶ್ಯಕಲಾ ಪದವಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇರುತ್ತದೆ. ಅನಿಮೇಷನ್ನೇ ಮುಖ್ಯ ವಿಷಯವಾಗಿ ಎಲ್ಲ ಕಡೆ ಸಿಗಲಾರದು. ಆದರೆ ಬುನಾದಿ ಸಿಗುತ್ತದೆ, ಉಳಿದದ್ದನ್ನು ಸ್ನಾತಕೋತ್ತರ ಹಂತದಲ್ಲಿ ಕಲಿಯಬಹುದು. ಧೈರ್ಯವಿರುವವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಯನ್ನೂ, ಐಐಟಿಗಳ ವಿನ್ಯಾಸ ಪದವಿಗಾಗಿ ನಡೆಯುವ 'ಯುಸೀಡ್' ಪರೀಕ್ಷೆಯನ್ನೂ ಬರೆಯಲಿ. ಕಲಾ ವಿಭಾಗದಲ್ಲಿ ಪಿಯುಸಿ ಓದಿದವರಿಗೂ ಅವು ಮುಕ್ತ. ಆ ಪರೀಕ್ಷೆಗಳಲ್ಲಿ ಚಿತ್ರ ಬಿಡಿಸಲು ಹೇಳುತ್ತಾರೆಯೇ ಹೊರತು, ಯಾವ ಸಾಫ್ಟ್‌ವೇರ್ ಬರುತ್ತದೆ ಎಂದು ಕೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಹಣದ ಮಾತು ಕೊನೆಯದಾದರೂ ಸಣ್ಣದಲ್ಲ. ಶುಲ್ಕವನ್ನು ಕಂತುಸಾಲದಲ್ಲಿ ಕಟ್ಟಿ ಎಂದು ಸಲಹೆ ಕೊಡುವ ಕೇಂದ್ರಗಳಿವೆ. ಚಿತ್ರದ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಬಡ್ಡಿಯ ವಿಷಯದಲ್ಲಿ ಕುರ್‌ಆನ್‌ನ ಮಾತು ನಿಸ್ಸಂದಿಗ್ಧ. ಮೊದಲನೆಯದಕ್ಕೆ ಹೆದರಿ ಕಲಾಶಾಲೆ ಬಿಟ್ಟವರು ಎರಡನೆಯದರಲ್ಲಿ ಸಿಲುಕುವುದನ್ನು ಏನೆನ್ನಬೇಕು? ಸರಕಾರಿ ಕಾಲೇಜಿನ ಶುಲ್ಕ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ ಇವುಗಳನ್ನು ವಿಚಾರಿಸದೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ಊರಿನ ಜಮಾಅತ್ ಸಮಿತಿಗಳು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕೊಡುವ ನೆರವನ್ನು ಕಲಾ ವಿದ್ಯಾರ್ಥಿಗೂ ಕೊಡಬೇಕು.

ಕಾಲೇಜು ನೋಡಲು ಹೋದಾಗ ಉದ್ಯೋಗದ ಜಾಹೀರಾತು ಓದುತ್ತಾ ಕೂರದೆ, ಕೊನೆಯ ವರ್ಷದ ವಿದ್ಯಾರ್ಥಿಗಳ ಚಿತ್ರಪುಸ್ತಕಗಳನ್ನು ತೋರಿಸಲು ಕೇಳಿ. ಮಗಳ ಚಿತ್ರಪುಸ್ತಕವೂ ಕೈಯಲ್ಲಿರಲಿ; ಅಲ್ಲಿನ ಶಿಕ್ಷಕರು ಅದನ್ನು ತೆರೆದು ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನು ಗಮನಿಸಿ.